ಮನೆ ಬಿಡದೆ ಫ್ರಾನ್ಸಿಸ್ಸರ ಹಾದಿಯಲ್ಲಿ



ಅಕ್ಟೋಬರ್ 4 ಬಂತೆಂದರೆ ಅಸ್ಸಿಸಿಯ ಸಂತ ಫ್ರಾನ್ಸಿಸ್ಸರ ಹಬ್ಬ. ಬರಿಗಾಲು, ಕಂದು ಅಂಗಿ, ಸೊಂಟಕ್ಕೆ ಹಗ್ಗ, ಹೆಗಲ ಮೇಲೆ ಹಕ್ಕಿ: ಈ ಚಿತ್ರ ನಮ್ಮ ಮಕ್ಕಳಿಗೂ ಗೊತ್ತು. ಅವರು 1226ರ ಅಕ್ಟೋಬರ್ 3ರ ಸಂಜೆ ಪ್ರಭುವಿನ ಪಾದ ಸೇರಿದರು. 2026ಕ್ಕೆ ಅದಕ್ಕೆ 800 ವರ್ಷ. ಇಂಥ ಹಬ್ಬದ ದಿನ ಪ್ರಸಂಗ ಕೇಳಿ ಮನೆಗೆ ಹೊರಟಾಗ ನಮ್ಮ ಮನಸ್ಸಿನಲ್ಲಿ ಒಂದು ಮಾತು ಏಳುತ್ತದೆ: "ಅವರು ಸಂತರು, ಎಲ್ಲ ಬಿಟ್ಟು ಹೋದರು. ನಮಗೆ ಮಕ್ಕಳಿದ್ದಾರೆ, ತೋಟವಿದೆ, ಸಾಲವಿದೆ. ನಮ್ಮ ಕೈಲಾಗುವುದೇ?"

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಪ್ರಶ್ನೆಗೆ ತೆಂಗಿನ ವಾಸನೆ ಇದೆ. ಇಲ್ಲಿ ಕ್ರೈಸ್ತ ಕುಟುಂಬಗಳು ಎಣಿಕೆಗೆ ಕಡಿಮೆ. ಆದರೆ ಸುತ್ತಲಿನ ಎಲ್ಲರಂತೆ ನಮ್ಮ ದಿನಗಳೂ ತೆಂಗಿನ ಲೆಕ್ಕದಲ್ಲೇ ಸಾಗುತ್ತವೆ. ತೋಟ ಇದ್ದವರಿಗೆ ಫಸಲಿನ ಚಿಂತೆ, ಕೂಲಿಗೆ ಹೋಗುವವರಿಗೆ ಕಾಯಿ ಸುಲಿಯುವ ಚಿಂತೆ, ಅಂಗಡಿ ಇಟ್ಟವರಿಗೆ ಕೊಬ್ಬರಿ ಬೆಲೆ ಬಿದ್ದರೆ ವ್ಯಾಪಾರವೂ ಬೀಳುವ ಚಿಂತೆ. ಇಂಥವರು ಫ್ರಾನ್ಸಿಸ್ಸರ ಹಾದಿ ಹಿಡಿಯಬಹುದೇ? ಹಿಡಿಯಬಹುದು ಎನ್ನುತ್ತದೆ ಎಂಟು ನೂರು ವರ್ಷಗಳ ಚರಿತ್ರೆ. ಆ ಚರಿತ್ರೆಯನ್ನು ನಾವು ಇಲ್ಲಿ ಸ್ವಲ್ಪ ನೋಡೋಣ.

ಬಟ್ಟೆ ಅಂಗಡಿಯ ಮಗ

ಫ್ರಾನ್ಸಿಸ್ಸರು ಹುಟ್ಟಿದ್ದು ವ್ಯಾಪಾರಿಯ ಮನೆಯಲ್ಲಿ. ತಂದೆ ಪಿಯೆತ್ರೊ ಬೆರ್ನಾರ್ದೋನೆ ಅಸ್ಸಿಸಿಯ ಬಟ್ಟೆ ವ್ಯಾಪಾರಿ. ಮಗ ಅಂಗಡಿಯಲ್ಲಿ ಕೂತು ಗಜ ಅಳೆದವನೇ. ಒಮ್ಮೆ ವ್ಯಾಪಾರದ ಭರಾಟೆಯಲ್ಲಿದ್ದಾಗ ಭಿಕ್ಷುಕನೊಬ್ಬ ಬಂದು ದೇವರ ಹೆಸರಿನಲ್ಲಿ ಬೇಡಿದ. ಫ್ರಾನ್ಸಿಸ್ ಅವನನ್ನು ಸುಮ್ಮನೆ ಕಳಿಸಿಬಿಟ್ಟ. ಮರುಗಳಿಗೆಯೇ ಮನಸ್ಸು ಚುಚ್ಚಿತು. ಯಾರೋ ದೊಡ್ಡ ಮನುಷ್ಯನ ಹೆಸರು ಹೇಳಿ ಬಂದಿದ್ದರೆ ಕೊಡುತ್ತಿದ್ದೆ, ದೇವರ ಹೆಸರು ಹೇಳಿ ಬಂದವನಿಗೆ ಇಲ್ಲವೆಂದೆನಲ್ಲ ಎಂದು ಕೊರಗಿದ. ಹಳೆಯ ಜೀವನ ಚರಿತ್ರೆಗಳು ಈ ಘಟನೆಯನ್ನು ನೆನೆಯುತ್ತವೆ. ಅವರ ಪಯಣ ಶುರುವಾದದ್ದು ಗವಿಯಲ್ಲೂ ಅಲ್ಲ, ಗುಡಿಯಲ್ಲೂ ಅಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಎಂಬುದನ್ನು ನಾವು ಮರೆಯಬಾರದು.

ಆಮೇಲಿನ ಕಥೆ ನಿಮಗೆ ಗೊತ್ತು. ಕುಷ್ಠರೋಗಿಯನ್ನು ಅಪ್ಪಿಕೊಂಡರು. 1206ರಲ್ಲಿ ಧರ್ಮಾಧ್ಯಕ್ಷ ಗುಯಿದೊ ಅವರ ಮುಂದೆ ಉಟ್ಟ ಬಟ್ಟೆಯನ್ನೂ ತಂದೆಗೆ ಬಿಚ್ಚಿಕೊಟ್ಟರು. 1209ರಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟ್ ಅವರು ಕಿರಿಯ ಸಹೋದರರ ಬಾಳಿಗೆ ಒಪ್ಪಿಗೆ ಕೊಟ್ಟರು. ಮುಂದೆ ಕ್ಲಾರಮ್ಮನವರ ಸುತ್ತ ಕನ್ಯಾಸ್ತ್ರೀಯರ ಸಭೆ ಬೆಳೆಯಿತು. ಒಂದನೆಯದು ಸಹೋದರರ ಸಭೆ, ಎರಡನೆಯದು ಕ್ಲಾರಮ್ಮನವರ ಸಭೆ.

ಆದರೆ ಪ್ರಸಂಗ ಕೇಳಿದ ಊರಿಗೆ ಊರೇ ಹಿಂದೆ ಹೊರಟರೆ? ಕನ್ನಾರ ಎಂಬ ಹಳ್ಳಿಯಲ್ಲಿ ಹಾಗೇ ಆಯಿತೆಂದು ಸಂಪ್ರದಾಯ ಹೇಳುತ್ತದೆ. ಗಂಡಸರು ಹೆಂಗಸರು ಮನೆ ಮಾರು ಬಿಟ್ಟು ಹೊರಡಲು ಸಿದ್ಧರಾದರಂತೆ. ಫ್ರಾನ್ಸಿಸ್ಸರು ಅವರನ್ನು ತಡೆದು, ಅವಸರ ಬೇಡ, ನೀವು ಇದ್ದಲ್ಲೇ ಇದ್ದು ರಕ್ಷಣೆ ಹೊಂದುವ ದಾರಿಯನ್ನು ನಿಮಗಾಗಿ ಮಾಡಿಕೊಡುತ್ತೇನೆ ಎಂದರಂತೆ. ಹೊಲಕ್ಕೆ ನೀರು ಹಾಯಿಸುವವರು ಬೇಕು, ಮಕ್ಕಳಿಗೆ ಅನ್ನ ಹಾಕುವವರು ಬೇಕು ಎಂಬುದು ಆ ಸಂತರಿಗೆ ಗೊತ್ತಿತ್ತು. ಹಾಗೆ ರೂಪುಗೊಂಡದ್ದೇ ಶ್ರೀಸಾಮಾನ್ಯರ ಮೂರನೆಯ ಸಭೆ. ಇಂದು ಅದಕ್ಕೆ ಲೌಕಿಕ ಫ್ರಾನ್ಸಿಸ್ಕನ್ ಸಭೆ ಎಂಬ ಹೆಸರಿದೆ.

ಧಾನ್ಯ ಕೂಡಿಟ್ಟ ವರ್ತಕ

ಈ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟವರೆಂದು ಚರಿತ್ರೆ ನೆನೆಯುವುದು ಗಂಡಹೆಂಡಿರಿಬ್ಬರನ್ನು: ಇಟಲಿಯ ಪೊಜ್ಜಿಬೊನ್ಸಿ ಊರಿನ ಲುಕೇಸಿಯೊ ಮತ್ತು ಅವರ ಮಡದಿ ಬ್ವೊನದೊನ್ನ. ಅವರ ಕಸುಬು ಕೇಳಿದರೆ ತಿಪಟೂರಿನವರು ಕಿವಿ ನಿಮಿರಿಸಬೇಕು. ಲುಕೇಸಿಯೊ ಧಾನ್ಯದ ವರ್ತಕ, ಹಣ ಬದಲಿಸುವ ವ್ಯವಹಾರವೂ ಇತ್ತು. ಫಸಲು ಬಂದಾಗ ಅಗ್ಗಕ್ಕೆ ಕೊಂಡು ಕಣಜ ತುಂಬುವುದು, ಬರ ಬಂದಾಗ ದುಬಾರಿಗೆ ಮಾರುವುದು. ಕಾನೂನಿನ ಕಣ್ಣಿಗೆ ತಪ್ಪಿಲ್ಲದ ವ್ಯಾಪಾರ. ಆದರೆ ಆ ಲಾಭ ಯಾರ ಹೊಟ್ಟೆಯಿಂದ ಬರುತ್ತಿತ್ತು ಎಂಬುದು ಒಂದು ದಿನ ಅವರ ಎದೆಗೆ ನಾಟಿತು.

ಅವರು ಆಸ್ತಿಯ ಬಹುಭಾಗವನ್ನು ಬಡವರಿಗೆ ಹಂಚಿ, ಮನೆಯನ್ನೂ ತಾವೇ ಗೇಯಬಲ್ಲಷ್ಟು ಸ್ವಲ್ಪ ಭೂಮಿಯನ್ನೂ ಉಳಿಸಿಕೊಂಡರು. 1221ರ ಸುಮಾರಿಗೆ ಫ್ರಾನ್ಸಿಸ್ಸರು ಆ ಊರಿಗೆ ಬಂದಾಗ ಗಂಡಹೆಂಡಿರಿಬ್ಬರೂ ಅವರಿಂದ ಮೂರನೆಯ ಸಭೆಯ ದೀಕ್ಷೆ ಪಡೆದರೆಂದು ಹೇಳಲಾಗುತ್ತದೆ. ರೋಗಿಗಳನ್ನು ಹೆಗಲ ಮೇಲೆ ಹೊತ್ತು ಮನೆಗೆ ತರುವುದು, ಜ್ವರ ಹರಡಿದ ಕಡೆಗೆ ಕತ್ತೆಯ ಮೇಲೆ ಔಷಧಿ ಹೇರಿಕೊಂಡು ಹೋಗುವುದು ಲುಕೇಸಿಯೊ ಅವರ ಹೊಸ ಕಸುಬಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಮನೆಯಲ್ಲಿದ್ದ ರೊಟ್ಟಿಯನ್ನೆಲ್ಲ ಗಂಡ ಬೇಡಿ ಬಂದವರಿಗೆ ಕೊಟ್ಟಾಗ ಬ್ವೊನದೊನ್ನ ರೇಗಿದರು. ಇನ್ನೂ ಕೆಲವರು ಬಂದಿದ್ದಾರೆ, ರೊಟ್ಟಿ ಇಟ್ಟ ಜಾಗ ಇನ್ನೊಮ್ಮೆ ನೋಡು ಎಂದಾಗ ಇನ್ನಷ್ಟು ಸಿಟ್ಟಾದರು. ಹೋಗಿ ನೋಡಿದರೆ ಪೆಟ್ಟಿಗೆ ತುಂಬಿತ್ತಂತೆ. ಇದು ಭಕ್ತರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆ. ಅದರಲ್ಲಿ ಪವಾಡದಷ್ಟೇ ಸತ್ಯವಾದದ್ದು ಆ ತಾಯಿಯ ಸಿಟ್ಟು. ಮನೆ ನಡೆಸುವವಳಿಗೆ ನಾಳೆಯ ಒಲೆಯ ಚಿಂತೆ ಇರುತ್ತದೆ. ಗಂಡನ ಭಕ್ತಿಯ ಭಾರ ಹೆಂಡತಿಯ ತಲೆಯ ಮೇಲೆ ಬೀಳಬಾರದು. ಇಬ್ಬರೂ ಒಟ್ಟಿಗೆ ನಡೆದಾಗಲೇ ಆ ಮನೆ ಪುನೀತವಾಯಿತು. ಇಬ್ಬರೂ ಒಂದೇ ದಿನ, 1260ರ ಏಪ್ರಿಲ್ 28ರಂದು, ಕಣ್ಣು ಮುಚ್ಚಿದರೆಂದು ಸಂಪ್ರದಾಯ. ಧರ್ಮಸಭೆ ಲುಕೇಸಿಯೊ ಅವರನ್ನು ಪುನೀತರೆಂದು ಗೌರವಿಸುತ್ತದೆ.

ಮೊದಲು ಸಾಲ ತೀರಿಸು

1221ರಲ್ಲಿ ಈ ಶ್ರೀಸಾಮಾನ್ಯರಿಗಾಗಿ ಒಂದು ನಿಯಮಾವಳಿ ಸಿದ್ಧವಾಯಿತು. ಅದನ್ನು ಓದಿದರೆ ನಮಗೆ ಅಚ್ಚರಿಯಾಗುತ್ತದೆ. ಸಭೆಗೆ ಸೇರಲು ಬಂದವರಿಗೆ, ಎಷ್ಟು ಜಪಸರ ಹೇಳುತ್ತೀಯೆ ಎಂದು ಮೊದಲು ಕೇಳುತ್ತಿರಲಿಲ್ಲ. ಸಾಲ ಇದ್ದರೆ ತೀರಿಸು, ಅನ್ಯಾಯವಾಗಿ ಬಂದದ್ದಿದ್ದರೆ ಹಿಂದಿರುಗಿಸು, ನೆರೆಯವರೊಡನೆ ಜಗಳವಿದ್ದರೆ ರಾಜಿಯಾಗು ಎನ್ನುತ್ತಿದ್ದರು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಪಡೆದು ಬರಬೇಕಿತ್ತು. ಸೇರಿದ ಮೂರು ತಿಂಗಳೊಳಗೆ ಉಯಿಲು ಬರೆದಿಡಬೇಕಿತ್ತು, ತಾನು ಸತ್ತ ಮೇಲೆ ಮಕ್ಕಳು ಕಚ್ಚಾಡಬಾರದೆಂದು.

ಇನ್ನೂ ಇತ್ತು. ಬಣ್ಣ ಹಾಕದ ಅಗ್ಗದ ಬಟ್ಟೆ ಉಡಬೇಕು. ದುಂದು ಔತಣಗಳಿಗೆ ಹೋಗಬಾರದು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಪೂಜೆಯಲ್ಲಿ ಭಾಗವಹಿಸಿ, ಕೈಲಾದಷ್ಟು ಕಾಣಿಕೆ ಹಾಕಿ, ಅದನ್ನು ಬಡ ಸದಸ್ಯರಿಗೂ ರೋಗಿಗಳಿಗೂ ಹಂಚಬೇಕು. ಕಾಯಿಲೆ ಬಿದ್ದ ಸದಸ್ಯನನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಕೊಲ್ಲುವ ಆಯುಧ ಹಿಡಿಯಬಾರದು. ಊರೂರಿಗೂ ಯುದ್ಧ ನಡೆಯುತ್ತಿದ್ದ ಅಂದಿನ ಇಟಲಿಯಲ್ಲಿ ಈ ಕೊನೆಯ ನಿಯಮ ಸಣ್ಣದಾಗಿರಲಿಲ್ಲ. ಕಮ್ಮಾರ, ನೇಕಾರ, ವರ್ತಕ ಕತ್ತಿ ಹಿಡಿಯಲೊಲ್ಲೆ ಎಂದಾಗ ಊರಿನ ಅಧಿಕಾರಿಗಳು ಕೆರಳಿದರು. ಜಗದ್ಗುರುಗಳು ಈ ಜನರ ಪರವಾಗಿ ನಿಲ್ಲಬೇಕಾಯಿತು.

ಈ ನಿಯಮಗಳನ್ನು ನಮ್ಮ ಸೀಮೆಗೆ ತಂದು ನೋಡೋಣ. ಬದುವಿನ ಮೇಲಿನ ಒಂದು ಸಾಲು ತೆಂಗಿನ ಮರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮಗೆ ಗೊತ್ತಿಲ್ಲವೇ? ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ನಾವು ಏನು ಮಾಡುತ್ತೇವೆ? ಕೈಸಾಲ ಪಡೆದವರ ಮನೆಯ ಮುಂದೆ ಹೋಗಲು ನಾಚಿ ಬೇರೆ ಬೀದಿ ಹಿಡಿದ ದಿನಗಳಿಲ್ಲವೇ? ಕಾಣಿಕೆ ಅರ್ಪಿಸುವ ಮುನ್ನ ಸಹೋದರನೊಡನೆ ಸಮಾಧಾನವಾಗು ಎಂದು ಪ್ರಭು ಯೇಸು ಹೇಳಿದ ಮಾತನ್ನು ಆ ಹಳೆಯ ನಿಯಮಾವಳಿ ಅಕ್ಷರಶಃ ತೆಗೆದುಕೊಂಡಿತ್ತು.

ರಾಜನಿಂದ ರೈತನವರೆಗೆ

1289ರಲ್ಲಿ ಫ್ರಾನ್ಸಿಸ್ಕನ್ ಸಭೆಯಿಂದಲೇ ಬಂದ ಜಗದ್ಗುರು ನಾಲ್ಕನೆಯ ನಿಕೊಲಾಸ್ ಈ ನಿಯಮಕ್ಕೆ ಅಧಿಕೃತ ಮುದ್ರೆ ಒತ್ತಿದರು. ಹಂಗೆರಿಯ ರಾಜಕುಮಾರಿ ಸಂತ ಎಲಿಜಬೆತಮ್ಮನವರು (1207–1231), ಫ್ರಾನ್ಸಿನ ದೊರೆ ಸಂತ ಲೂಯಿಸ್ (1214–1270) ಈ ಸಭೆಯ ಪಾಲಕರು. ಆದರೆ ಕಿರೀಟ ಇಟ್ಟವರಿಗಿಂತ ಬೆವರು ಸುರಿಸಿದವರೇ ಇದರಲ್ಲಿ ಹೆಚ್ಚು.

ನಮ್ಮ ಭಾರತದ ನೆಲವೂ ಈ ಕಥೆಯಲ್ಲಿದೆ. 1321ರಲ್ಲಿ ಮುಂಬಯಿ ಬಳಿಯ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರು ರಕ್ತಸಾಕ್ಷಿಗಳಾದರು. ಅವರಲ್ಲಿ ಒಬ್ಬರಾದ ದೆಮೆತ್ರಿಯುಸ್ ಗುರುಗಳಲ್ಲ, ಭಾಷೆ ಬಲ್ಲ ಶ್ರೀಸಾಮಾನ್ಯ ಸಹೋದರ. ಅದೇ ಕರಾವಳಿಯ ವಸಾಯಿಯಲ್ಲಿ 1556ರ ಸುಮಾರಿಗೆ ಹುಟ್ಟಿದವರು ಗೊನ್ಸಾಲೊ ಗಾರ್ಸಿಯಾ. ತಂದೆ ಪೋರ್ಚುಗೀಸ್, ತಾಯಿ ಈ ನೆಲದವಳು. ಯೇಸುಸಭೆಯ ಗುರುಗಳ ಜೊತೆ ಜಪಾನಿಗೆ ಹೋಗಿ ಧರ್ಮಬೋಧಕರಾಗಿ ದುಡಿದರು. ಆ ಸಭೆಗೆ ಸೇರಬೇಕೆಂಬ ಆಸೆ ಕೈಗೂಡಲಿಲ್ಲ. ಬೇಸತ್ತು ವ್ಯಾಪಾರಕ್ಕಿಳಿದರು, ವ್ಯಾಪಾರ ಚೆನ್ನಾಗಿಯೇ ಕುದುರಿತು. ಆದರೂ ಎದೆಯೊಳಗಿನ ಕರೆ ಆರಲಿಲ್ಲ. ಮನಿಲಾದಲ್ಲಿ ಫ್ರಾನ್ಸಿಸ್ಕನ್ನರ ಸಹವಾಸವಾಗಿ, ಅವರ ಸಭೆಯಲ್ಲಿ ಗುರುಪಟ್ಟವಿಲ್ಲದ ಸಹೋದರರಾದರು. ಜಪಾನಿ ಭಾಷೆ ಬಲ್ಲವರೆಂದು ಮತ್ತೆ ಅಲ್ಲಿಗೇ ಹೋದರು. 1597ರ ಫೆಬ್ರವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ ಶಿಲುಬೆಗೇರಿದ 26 ಮಂದಿಯಲ್ಲಿ ಅವರೂ ಒಬ್ಬರು. 1862ರ ಜೂನ್ 8ರಂದು ಜಗದ್ಗುರು ಒಂಬತ್ತನೆಯ ಪಯಸ್ ಈ 26 ಮಂದಿಯನ್ನು ಸಂತರೆಂದು ಘೋಷಿಸಿದಾಗ, ಗೊನ್ಸಾಲೊ ಭಾರತದಲ್ಲಿ ಹುಟ್ಟಿದ ಮೊದಲ ಸಂತರಾದರು.

ಆ 26 ಮಂದಿಯಲ್ಲಿ 6 ಮಂದಿ ಫ್ರಾನ್ಸಿಸ್ಕನ್ ಸನ್ಯಾಸಿಗಳು, 3 ಮಂದಿ ಯೇಸುಸಭೆಯವರು. ಉಳಿದ 17 ಮಂದಿ ಶ್ರೀಸಾಮಾನ್ಯರು, ಅವರಲ್ಲಿ ಬಹುಪಾಲು ಫ್ರಾನ್ಸಿಸ್ಸರ ಮೂರನೆಯ ಸಭೆಯವರು. ಒಬ್ಬ ವೈದ್ಯ, ಒಬ್ಬ ಬಿಲ್ಲು ಮಾಡುವವ, ಪೂಜೆಗೆ ನೆರವಾಗುತ್ತಿದ್ದ ಹುಡುಗರು. ಬಿಲ್ಲು ಮಾಡುವ ಮಿಗೇಲ್ ಕೊಜಾಕಿ ಮತ್ತು ಅವರ ಹದಿಹರೆಯದ ಮಗ ಥೋಮಸ್ ಜೊತೆಯಾಗಿಯೇ ಪ್ರಾಣ ಕೊಟ್ಟರು. ಆ ಹುಡುಗ ದಾರಿಯಲ್ಲಿ ತಾಯಿಗೆ ಒಂದು ಕಾಗದ ಬರೆದಿದ್ದ. ಅಪ್ಪ ಮಗನಿಗೆ ಕಲಿಸಿದ್ದು ಕಸುಬೊಂದನ್ನೇ ಅಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಕಾಲಕ್ಕೆ ಹತ್ತಿರದವರೊಬ್ಬರನ್ನೂ ನೆನೆಯಬೇಕು. ಆಸ್ಟ್ರಿಯಾದ ಸಂಕ್ತ್ ರಾಡೆಗುಂಡ್ ಹಳ್ಳಿಯ ಫ್ರಾನ್ಸ್ ಯೇಗರ್‌ಸ್ಟೆಟರ್ ರೈತರು, ಹೆಣ್ಣುಮಕ್ಕಳಿಗೆ ತಂದೆಯಾಗಿದ್ದವರು, ಊರ ದೇವಾಲಯದ ಕೆಲಸ ನೋಡಿಕೊಳ್ಳುತ್ತಿದ್ದವರು. 1940ರ ಡಿಸೆಂಬರಿನಲ್ಲಿ ಮೂರನೆಯ ಸಭೆ ಸೇರಿದರು. ಹಿಟ್ಲರನ ಯುದ್ಧ ಅನ್ಯಾಯದ್ದು, ಅದಕ್ಕಾಗಿ ಕೋವಿ ಹಿಡಿಯಲಾರೆ ಎಂದು ನಿಂತರು. ಹೆಂಡತಿ ಮಕ್ಕಳನ್ನು ನೆನೆದು ಮನಸ್ಸು ಬದಲಿಸೆಂದು ಹಲವರು ಹೇಳಿದರೂ ಕದಲಲಿಲ್ಲ. 1943ರ ಆಗಸ್ಟ್ 9ರಂದು ಅವರ ತಲೆ ಕಡಿಯಲಾಯಿತು. 2007ರಲ್ಲಿ ಪುನೀತರೆಂದು ಘೋಷಿಸಲ್ಪಟ್ಟರು. ಏಳು ನೂರು ವರ್ಷ ಹಿಂದಿನ ಇಟಲಿಯ ನೇಕಾರರ ನಿಲುವು ಒಬ್ಬ ಬೇಸಾಯಗಾರನ ಎದೆಯಲ್ಲಿ ಹಾಗೇ ಉಳಿದಿತ್ತು.

ಕರ್ನಾಟಕದಲ್ಲಿ ಈ ಬೀಜ

ಮೂರನೆಯ ಸಭೆಯ ಬೀಜ ಬಳಸು ದಾರಿಯಲ್ಲಿ ನಮ್ಮ ನಾಡಿಗೂ ಬಿತ್ತು. ಇಟಲಿಯ ಸಂತ ಏಂಜೆಲಾ ಮೆರಿಚಿ (1474–1540) ಮೂರನೆಯ ಸಭೆಯ ಸದಸ್ಯೆ. ಅವರು 1535ರಲ್ಲಿ ಬ್ರೆಷಿಯಾ ಊರಿನಲ್ಲಿ, ತಮ್ಮ ತಮ್ಮ ಮನೆಗಳಲ್ಲೇ ಇದ್ದು ದೇವರಿಗೆ ಮುಡಿಪಾದ ಹೆಣ್ಣುಮಕ್ಕಳ ಬಳಗ ಕಟ್ಟಿದರು. ಅದೇ ಸ್ಫೂರ್ತಿಯಲ್ಲಿ 1887ರಲ್ಲಿ ಮಂಗಳೂರಿನಲ್ಲಿ ಯೇಸುಸಭೆಯ ಫಾದರ್ ಉರ್ಬನ್ ಸ್ಟೈನ್ ಅವರು ಸ್ಥಳೀಯ ಹೆಣ್ಣುಮಕ್ಕಳ ಒಂದು ಚಿಕ್ಕ ಗುಂಪನ್ನು ಸೇರಿಸಿದರು. ಅದೇ ಮುಂದೆ ಉರ್ಸುಲಾಯ್ನ್ ಫ್ರಾನ್ಸಿಸ್ಕನ್ ಭಗಿನಿಯರ ಸಭೆಯಾಗಿ ಬೆಳೆದು ಶಾಲೆ, ಆಸ್ಪತ್ರೆ, ಹಳ್ಳಿಯ ಸೇವೆಗಳಲ್ಲಿ ತೊಡಗಿತು. ಮಂಗಳೂರಿನ ಬಳಿ ಫರಂಗಿಪೇಟೆಯಲ್ಲಿ ಕಪುಚಿನ್ನರು, ಬೆಂಗಳೂರಿನ ಹೊಸೂರು ರಸ್ತೆಯ ಸಂತ ಅಂತೋಣಿಯವರ ಮಠದಲ್ಲಿ ಕಿರಿಯ ಸಹೋದರರು ಇದೇ ಕುಟುಂಬದವರು.

ನಮ್ಮ ತುಮಕೂರು ಸೀಮೆಯ ಜನಕ್ಕೆ ಈ ಬಾಳು ಪರಕೀಯವೆನಿಸಬೇಕಿಲ್ಲ. ಫ್ರಾನ್ಸಿಸ್ಸರು ಹುಟ್ಟುವ ಕೆಲವೇ ದಶಕಗಳ ಹಿಂದೆ ಕಲ್ಯಾಣದಲ್ಲಿ ಶರಣರು ಅವರವರ ಕಸುಬಿನಲ್ಲೇ ದೇವರನ್ನು ಕಂಡರು. ದುಡಿದದ್ದರಲ್ಲಿ ಹಂಚಿ ಉಣ್ಣುವ ದಾಸೋಹವನ್ನು ನಮ್ಮ ಸಿದ್ಧಗಂಗೆಯಲ್ಲಿ ನಿತ್ಯ ಕಾಣುತ್ತೇವೆ. ನಮ್ಮ ಪಕ್ಕದ ಮನೆಯ ಲಿಂಗಾಯತ ಅಜ್ಜನಿಗೆ ಲುಕೇಸಿಯೊ ಅವರ ಕಥೆ ಹೇಳಿದರೆ ಕೂಡಲೇ ಅರ್ಥವಾದೀತು. ನಮಗೇ ಅದು ಹೊಸದಾಗಿ ಕೇಳಿಸಿದರೆ ನಾಚಿಕೆಯಲ್ಲವೇ?

ಅಟ್ಟದ ಮೇಲಿನ ಕಾಯಿ

ಈಗ ಯಾರಾದರೂ ಈ ಹಾದಿಗೆ ಬರಬೇಕೆಂದರೆ ಏನು ಮಾಡಬೇಕು? ಇಂದಿನ ನಿಯಮಾವಳಿಯನ್ನು ಜಗದ್ಗುರು ಆರನೆಯ ಪೌಲರು 1978ರ ಜೂನ್ 24ರಂದು ಅನುಮೋದಿಸಿದರು. ಶುಭಸಂದೇಶವನ್ನು ಓದಿ ಬದುಕಿಗೆ ತರುವುದು, ಬದುಕನ್ನು ಮತ್ತೆ ಶುಭಸಂದೇಶದ ಬೆಳಕಿಗೆ ಹಿಡಿಯುವುದು ಅದರ ತಿರುಳು. ಕಥೋಲಿಕ ವಿಶ್ವಾಸಿಗಳು, ಮದುವೆಯಾದವರು, ಆಗದವರು, ವಿಧವೆಯರು, ಧರ್ಮಪ್ರಾಂತ್ಯದ ಗುರುಗಳು ಕೂಡ ಸೇರಬಹುದು. ಬ್ರಹ್ಮಚರ್ಯದ ವ್ರತವಿಲ್ಲ, ಮನೆ ಬಿಡಬೇಕಿಲ್ಲ. ಸಹೋದರ ಬಳಗವೊಂದರಲ್ಲಿ ಕೆಲಕಾಲ ಪರಿಚಯ, ಆಮೇಲೆ ಕನಿಷ್ಠ ಒಂದು ವರ್ಷದ ತರಬೇತಿ, ಕೊನೆಗೆ ಎಲ್ಲರ ಮುಂದೆ ಪ್ರತಿಜ್ಞೆ. ಆ ಪ್ರತಿಜ್ಞೆ ಬಾಳಿನುದ್ದಕ್ಕೂ.

ಒಂದು ವರ್ಷವೇ ಎಂದು ಕೆಲವರು ಹುಬ್ಬೇರಿಸುತ್ತಾರೆ. ಉಂಡೆ ಕೊಬ್ಬರಿ ಮಾಡುವ ನಮ್ಮ ಜನ ಹುಬ್ಬೇರಿಸಬೇಕಿಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ವರ್ಷದ ಹತ್ತಿರ, ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಮೆಲ್ಲಗೆ ಚಿಪ್ಪನ್ನು ಬಿಡುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು. ಆಗ ಒಡೆದರೆ ಇಡೀ ಗಿಟುಕು ಕೈಗೆ ಬರುತ್ತದೆ. ಅವಸರಪಟ್ಟು ಮೊದಲೇ ಒಡೆದರೆ ಚಿಪ್ಪಿಗೆ ಅಂಟಿದ ಹಸಿ ಕಾಯಿಯೇ ಗತಿ. ಮನುಷ್ಯನ ಮನಸ್ಸೂ ಹಾಗೆಯೇ. ಒಂದು ದಿನದ ಧ್ಯಾನಕೂಟದಲ್ಲಿ ಕಣ್ಣೀರು ಬರಬಹುದು, ಆದರೆ ಆಸೆಯ ಚಿಪ್ಪಿನಿಂದ ಮನಸ್ಸು ಬಿಡಿಸಿಕೊಳ್ಳಲು ಕಾಲ ಬೇಕು, ಕತ್ತಲೆಯ ಅಟ್ಟದ ತಾಳ್ಮೆ ಬೇಕು.

ತಕ್ಕಡಿಯ ಮುಂದೆ

ಕೊನೆಯದಾಗಿ ಒಂದು ಮಾತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದಾಗ ಮಾರುಕಟ್ಟೆಯ ಬೆಲೆ ಅದರ ದುಪ್ಪಟ್ಟನ್ನೂ ದಾಟಿತು. ಎರಡೇ ವರ್ಷದ ಅಂತರ. ಬೆಲೆ ಬಿದ್ದಾಗ ಸಾಲಕ್ಕಾಗಿ ಮಾರಿದವರು ಬಡವರಾದರು, ಇಟ್ಟುಕೊಳ್ಳುವ ಶಕ್ತಿ ಇದ್ದವರು ಗೆದ್ದರು. ರೈತ ತನ್ನ ಬೆಳೆಯನ್ನು ಒಳ್ಳೆಯ ಬೆಲೆಗೆ ಕಾಯುವುದು ಪಾಪವಲ್ಲ, ಅದು ಅವನ ಹಕ್ಕು. ಆದರೆ ಬೆಲೆ ಏರಿದ ವರ್ಷ ನಮ್ಮ ಮನೆಯಲ್ಲಿ ಏನಾಯಿತು? ಕಾಯಿ ಸುಲಿದವನ ಕೂಲಿ ಏರಿತೇ? ಕೊಬ್ಬರಿ ಒಡೆದ ಹೆಂಗಸಿಗೆ ಹಬ್ಬಕ್ಕೆ ಒಂದು ಸೀರೆಯಾದರೂ ಸಿಕ್ಕಿತೇ? ಬೆಲೆ ಬಿದ್ದ ವರ್ಷ ಕೈಸಾಲ ಕೊಟ್ಟು ಕಾಪಾಡಿದ ನೆರೆಯವನ ನೆನಪಾಯಿತೇ? ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟ ಧನಿಕನ ಸಾಮತಿಯನ್ನು ಯೇಸು ಹೇಳಿದ್ದು ಇಂಥ ವರ್ಷಕ್ಕೇ. ಲುಕೇಸಿಯೊ ಆ ಸಾಮತಿಯನ್ನು ತನ್ನ ಕಣಜದ ಬಾಗಿಲಲ್ಲೇ ಕೇಳಿಸಿಕೊಂಡರು.

ಎಲ್ಲರೂ ಮೂರನೆಯ ಸಭೆಗೆ ಸೇರಬೇಕೆಂದು ನಾವು ಹೇಳುತ್ತಿಲ್ಲ. ಅದು ಕರೆ, ಕರೆ ಬಂದವರು ತಮ್ಮ ಗುರುಗಳೊಡನೆ ಮಾತಾಡಲಿ. ಆದರೆ ಆ ಹಳೆಯ ನಿಯಮದ ಮೊದಲ ಮೆಟ್ಟಿಲು ಎಲ್ಲ ಕುಟುಂಬಗಳಿಗೂ ಎಟುಕುತ್ತದೆ. ಈ ಹಬ್ಬದ ಮುನ್ನ ಒಂದು ಸಾಲ ತೀರಿಸೋಣ, ಒಂದು ಜಗಳ ಮುಗಿಸೋಣ, ಹಾಸಿಗೆ ಹಿಡಿದ ಒಬ್ಬರನ್ನು ನೋಡಿ ಬರೋಣ. ಹಬ್ಬದ ಪೂಜೆಯಿಂದ ಮರಳಿ ತೋಟಕ್ಕೆ, ಅಂಗಡಿಗೆ, ಮಂಡಿಗೆ ಹೋದಾಗ ತಕ್ಕಡಿಯ ಮುಂದೆ ಒಂದು ಕ್ಷಣ ನಿಂತು, ಬಟ್ಟೆ ಅಂಗಡಿಯ ಆ ಹುಡುಗನನ್ನು ನೆನೆಯೋಣ. ದೇವರ ಹೆಸರು ಹೇಳಿ ಬಂದವರು ನಮ್ಮ ಬಾಗಿಲಿಂದ ಬರಿಗೈಯಲ್ಲಿ ಮರಳದಿರಲಿ.

ಬಡವರ ಗೆಳೆಯರಾದ ಸಂತ ಫ್ರಾನ್ಸಿಸ್ಸರೇ, ನಮ್ಮ ಮನೆಗಳಿಗಾಗಿ, ನಮ್ಮ ತೋಟಗಳಿಗಾಗಿ, ನಮ್ಮಲ್ಲಿ ದುಡಿಯುವ ಎಲ್ಲರಿಗಾಗಿ ಪ್ರಾರ್ಥಿಸಿರಿ.

ಎಲ್ಲರಿಗೂ ಹಬ್ಬದ ಶುಭಾಶಯಗಳು. ಶಾಂತಿ, ಸಮಾಧಾನ ನಿಮ್ಮ ಮನೆಯಲ್ಲಿ ನೆಲೆಸಲಿ.